ತಕಿಟದಲ್ಲಿ ತಪ್ಪಿದ ಅಕ್ಷರ

ಆಷಾಢದ ಒಂದು ಬೆಳಿಗ್ಗೆ ಹೊಳೆನರಸೀಪುರದಿಂದ ಮಾವನ ಫೋನು. "ಗಾಡಿ ಮಿಸ್ಸಿಂಗು ಹೊಡೀತೈತೆ ಕಣೋ. ಮೂರೂ ಪ್ಲಗ್ಗು ಹೊಸದು ಹಾಕಿಸ್ದೆ, ಕಾರ್ಬರೇಟರ್ ತೊಳೆಸ್ದೆ, ಪೆಟ್ರೋಲ್ ಫಿಲ್ಟರ್ ಬದಲಾಯಿಸ್ದೆ. ಎರಡು ದಿನ ಸರಿ ಹೋಯ್ತು, ಮೂರನೇ ದಿನ ಮತ್ತೆ ಅದೇ ರಾಗ. ಈಗ ಹೆಡ್ ಇಳಿಸ್ಬೇಕು ಅಂತವ್ರೆ." ಇಷ್ಟು ಹೇಳಿ ಫೋನನ್ನು ತೆರೆದ ಬಾನೆಟ್ಟಿನ ಹತ್ತಿರ ಹಿಡಿದರು.

ಅದು ಮೂರು ಸಿಲಿಂಡರಿನ ಹಳೆಯ ಪುಟ್ಟ ಕಾರು. ಆರೋಗ್ಯವಾಗಿದ್ದಾಗ ಅದರ ಎಂಜಿನ್ ತಿಶ್ರ ನಡೆಯಲ್ಲಿ ಓಡುತ್ತದೆ: ತಕಿಟ ತಕಿಟ ತಕಿಟ. ಅಂದು ಕೇಳಿಸಿದ್ದು ತಕಿ– ತಕಿ– ತಕಿ–. ಅಕ್ಷರವೊಂದು ಬಿದ್ದುಹೋಗಿತ್ತು. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಂಡೆಗೆ ರುದ್ರಪಟ್ಟಣವಿದೆ, ಸಂಗೀತಗಾರರ ಊರು. ಅಲ್ಲಿ ಮೃದಂಗ ಕಲಿಯುವ ಹುಡುಗನಾದರೆ ಬಾನೆಟ್ ಎತ್ತದೆಯೇ ಅರ್ಧ ರೋಗ ಹೇಳಿಬಿಡುತ್ತಿದ್ದ: ತಾಳ ನಿಂತಿಲ್ಲ, ವೇಗವೂ ಹೆಚ್ಚುಕಡಿಮೆಯಾಗಿಲ್ಲ, ಪ್ರತಿ ಆವರ್ತದಲ್ಲೂ ಒಂದೇ ಜಾಗದಲ್ಲಿ ಒಂದೇ ಪೆಟ್ಟು ಇಲ್ಲ. ಎಂದರೆ ಒಬ್ಬನೇ ತಪ್ಪುತ್ತಿದ್ದಾನೆ, ಮೂವರೂ ಅಲ್ಲ.

ಈ ಒಂದು ಮಾತು ಮಾವ ಈಗಾಗಲೇ ಮಾಡಿಸಿದ್ದ ಖರ್ಚಿನ ಬಹುಪಾಲನ್ನು ದಂಡವೆಂದು ತೋರಿಸುತ್ತದೆ. ಕಾರ್ಬರೇಟರ್ ಒಂದೇ, ಫಿಲ್ಟರ್ ಒಂದೇ; ಅವು ಮೂರು ಸಿಲಿಂಡರಿಗೂ ಸೇರಿದವು. ಅವು ಕೆಟ್ಟರೆ ಸಾಮಾನ್ಯವಾಗಿ ಮೂವರೂ ಸೊರಗಬೇಕು.

ತಾಳದ ಲೆಕ್ಕ

1876ರಲ್ಲಿ ಜರ್ಮನಿಯ ನಿಕೊಲಾಸ್ ಆಟೊ ಓಡಿಸಿ ತೋರಿಸಿದ ನಾಲ್ಕು ಹೊಡೆತದ ಎಂಜಿನ್ನಿನ ಸೂತ್ರವೇ ಮಾವನ ಕಾರಿನಲ್ಲೂ ಇರುವುದು. ಪಿಸ್ಟನ್ ಒಮ್ಮೆ ಇಳಿದು ಗಾಳಿ-ಪೆಟ್ರೋಲಿನ ಮಿಶ್ರಣವನ್ನು ಒಳಗೆಳೆಯುತ್ತದೆ, ಏರಿ ಅದನ್ನು ಒತ್ತುತ್ತದೆ, ಕಿಡಿ ಹಾರಿ ಮಿಶ್ರಣ ಹೊತ್ತಿಕೊಂಡಾಗ ಕೆಳಕ್ಕೆ ದೂಡಿಸಿಕೊಳ್ಳುತ್ತದೆ, ಮತ್ತೆ ಏರಿ ಹೊಗೆಯನ್ನು ಹೊರಗಟ್ಟುತ್ತದೆ. ಈ ನಾಲ್ಕು ಓಟಕ್ಕೆ ಎಂಜಿನ್ ಎರಡು ಸುತ್ತು ತಿರುಗಬೇಕು. ನಾಲ್ಕರಲ್ಲಿ ದುಡಿಯುವುದು ಒಂದೇ. ಉಳಿದ ಮೂರು ಆ ಒಂದರ ತಯಾರಿ ಮತ್ತು ಚೊಕ್ಕಟ.

1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ಜನವರಿಯಲ್ಲಿ ತಯಾರಿ ನಿಂತ ಮಾರುತಿ 800ನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ: 796 ಸಿಸಿ, ಮೂರು ಸಿಲಿಂಡರ್. ನಿಂತಲ್ಲೇ ಓಡುವಾಗ ಎಂಜಿನ್ ನಿಮಿಷಕ್ಕೆ 900 ಸುತ್ತು ತಿರುಗುತ್ತದೆ ಎಂದಿಟ್ಟುಕೊಂಡರೆ ಒಂದೊಂದು ಸಿಲಿಂಡರಿನಲ್ಲಿ 450 ಸಲ ಬೆಂಕಿ. ಮೂರೂ ಸೇರಿ ಸೆಕೆಂಡಿಗೆ 22ಕ್ಕೂ ಹೆಚ್ಚು ಪೆಟ್ಟು. ಒಂದು ಸತ್ತರೆ ಸೆಕೆಂಡಿಗೆ ಏಳೆಂಟು ಪೆಟ್ಟು ಕಾಣೆ. ಕಿವಿ ಇದನ್ನು ಎಣಿಸಲಾರದು. ಆದರೆ ಗೇರಿನ ಕೋಲು ನಡುಗುತ್ತದೆ, ಒಳಗಿನ ಕನ್ನಡಿಯಲ್ಲಿ ಹಿಂದಿನ ರಸ್ತೆ ಕದಡಿದ ನೀರಿನಂತೆ ಕಾಣುತ್ತದೆ. ನಾಲ್ಕು ಸಿಲಿಂಡರಿನ ಅಂಬಾಸಿಡರ್, ಪದ್ಮಿನಿಗಳಲ್ಲಿ 'ತಕಧಿಮಿ'ಯ ಒಂದಕ್ಷರ ಹೋದರೆ ಕಾಲು ಭಾಗ ನಷ್ಟ. ತಕಿಟದಲ್ಲಿ ಹೋದರೆ ಮೂರನೇ ಒಂದು ಭಾಗ. ಅದಕ್ಕೇ ಪುಟ್ಟ ಕಾರು ಇಷ್ಟೊಂದು ಒದ್ದಾಡುವುದು.

ಯಾವಾಗ ತಪ್ಪುತ್ತದೆ?

ಹೊತ್ತಿಕೊಳ್ಳಲು ಮೂರು ಬೇಕು: ಹದವಾದ ಮಿಶ್ರಣ, ಬಿಗಿಯಾದ ಒತ್ತಡ, ಹೊತ್ತಿಗೆ ಸರಿಯಾದ ಕಿಡಿ. ಮೂರರಲ್ಲಿ ಯಾವುದು ಕೈಕೊಟ್ಟಿದೆ ಎಂಬುದಕ್ಕೆ ಪಾನಾ ಹಿಡಿಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಗಾಡಿ ತಪ್ಪುವುದು ಯಾವಾಗ?

ಚನ್ನರಾಯಪಟ್ಟಣದ ಗೆಳೆಯನೊಬ್ಬನ ಕಾರು ನಿಂತಲ್ಲಿ ಗದಗುಟ್ಟುತ್ತಿತ್ತು, ಹೆದ್ದಾರಿಗೆ ಹತ್ತಿದರೆ ನುಣ್ಣಗೆ ಓಡುತ್ತಿತ್ತು. ಇದು ಕಳ್ಳಗಾಳಿಯ ಲಕ್ಷಣ. ಆಕ್ಸಿಲರೇಟರ್ ಒತ್ತದಿದ್ದಾಗ ಎಂಜಿನ್ ಎಳೆದುಕೊಳ್ಳುವ ಗಾಳಿಯೇ ಕಡಿಮೆ. ಆಗ ಬಿರುಕು ಬಿಟ್ಟ ರಬ್ಬರ್ ಪೈಪೊಂದರಿಂದ ನುಸುಳುವ ಚೂರು ಗಾಳಿಯೂ ಮಿಶ್ರಣವನ್ನು ತೆಳ್ಳಗೆ ಮಾಡಿಬಿಡುತ್ತದೆ. ವೇಗ ಹೆಚ್ಚಿದಾಗ ಗಾಳಿಯ ಹೊಳೆಯೇ ಹರಿಯುವುದರಿಂದ ಆ ಹನಿ ಲೆಕ್ಕಕ್ಕಿಲ್ಲ. ಒಂದು ಮೊಳ ಪೈಪಿನ ಒಂದು ತುದಿಯನ್ನು ಕಿವಿಗಿಟ್ಟು ಇನ್ನೊಂದನ್ನು ರಬ್ಬರ್ ನಳಿಕೆಗಳ ಬಳಿ ಆಡಿಸುತ್ತ ಹೋದೆವು. ಒಂದು ಮೂಲೆಯಲ್ಲಿ 'ಸುಸ್ಸ್' ಎಂದಿತು. ಅಲ್ಲಿ ಬೆರಳಿನಿಂದ ಹಿಸುಕಿದ ಕೂಡಲೇ ಎಂಜಿನ್ ಗದಗುಟ್ಟುವುದು ನಿಂತಿತು.

ಅರಕಲಗೂಡಿನ ಇನ್ನೊಂದು ಕಾರಿನ ಕಥೆ ಬೇರೆ. ಗ್ಯಾಸ್ ಕಿಟ್ ಹಾಕಿಸಿ ವರ್ಷಗಟ್ಟಲೆ ಓಡಿಸಿದ್ದು. ಬೆಳಿಗ್ಗೆ ಚೆನ್ನಾಗಿಯೇ ಹೊರಡುತ್ತಿತ್ತು. ಕಾದ ಮೇಲೆ ಒಂದು ಸಿಲಿಂಡರ್ ಕೈಬಿಡುತ್ತಿತ್ತು. ಗ್ಯಾಸಿನಲ್ಲಿ ಓಡಿದ ಹಳೆಯ ಎಂಜಿನ್ನಿನಲ್ಲಿ ವಾಲ್ವು ಕೂರುವ ಜಾಗ ಸವೆದು, ವಾಲ್ವು ಮೆಲ್ಲಗೆ ಮೇಲಕ್ಕೆ ಸರಿದು, ಟ್ಯಾಪೆಟ್ಟಿನ ಸಂದು ಮುಚ್ಚಿಹೋಗುತ್ತದೆ. ಕಾದ ಕಬ್ಬಿಣ ಹಿಗ್ಗಿದಾಗ ವಾಲ್ವಿಗೆ ಪೂರ್ತಿ ಮುಚ್ಚಿಕೊಳ್ಳಲು ಎಡೆಯೇ ಇಲ್ಲ, ಒತ್ತಡ ಸೋರುತ್ತದೆ. ಟ್ಯಾಪೆಟ್ ಹೊಂದಿಸಿದ ಮೇಲೆ ಅದು ಸರಿಹೋಯಿತು.

ಮಾವನ ಕಾರು? ಕೇಳುತ್ತ ಹೋದಂತೆ ಉತ್ತರ ಬಂತು: ಮಳೆ ಬಂದ ಬೆಳಿಗ್ಗೆ ನಿಂತಲ್ಲೂ ತಪ್ಪುತ್ತದೆ. ಬಿಸಿಲೇರಿದರೆ ನಿಂತಲ್ಲಿ ಸರಿ, ಏರು ಹತ್ತುವಾಗ ಮತ್ತೆ ಜರ್ಕು. ಸರಿಹೋಗಿದ್ದ ಎರಡು ದಿನ ಮಳೆಯಿರಲಿಲ್ಲ. ರಿಪೇರಿಗೆ ಬಂದ ಹೆಸರು ನಿಜವಾಗಿ ಬಿಸಿಲಿನದು.

ಕಾವಲಿಗೆ ನೀರು ಚಿಮುಕಿಸಿದಂತೆ

ಮರುದಿನ ನಸುಕಿಗೆ ಹೊಳೆನರಸೀಪುರ ತಲುಪಿದಾಗ ಹೇಮಾವತಿಯ ಕಡೆಯಿಂದ ತೇವದ ಗಾಳಿ ಬೀಸುತ್ತಿತ್ತು. ಕಾರನ್ನು ಶೆಡ್ಡಿನಿಂದ ಅಂಗಳಕ್ಕೆ ತಳ್ಳಿದೆವು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬಾರದು. ಹೊಗೆಯ ಜೊತೆ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಅದು ಹೇಳದೆಯೇ ಕೊಲ್ಲುತ್ತದೆ.

ಸತ್ತ ಸಿಲಿಂಡರ್ ಯಾವುದೆಂದು ಕಂಡುಕೊಟ್ಟವರು ಅತ್ತೆ. ತಣ್ಣಗಿದ್ದ ಎಂಜಿನ್ನನ್ನು ಒಂದು ನಿಮಿಷ ಓಡಿಸಿ ಆರಿಸಿದೆವು. ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಲೋಟದಲ್ಲಿ ಬೆರಳದ್ದಿ, ದೋಸೆ ಕಾವಲಿಗೆ ಚಿಮುಕಿಸುವಂತೆ ಸೈಲೆನ್ಸರ್ ಕಡೆಗೆ ಇಳಿಯುವ ಎರಕದ ಕೊಳವೆಗಳ ಮೇಲೆ ಒಂದೊಂದು ಹನಿ ಹಾಕಿದರು. ಮೊದಲನೆಯದು 'ಚುಂಯ್'. ಮೂರನೆಯದು 'ಚುಂಯ್'. ನಡುವಿನದರ ಮೇಲೆ ಹನಿ ಸುಮ್ಮನೆ ಕುಳಿತು, ಮೆಲ್ಲಗೆ ಜಾರಿ ಕೆಳಗೆ ಬಿತ್ತು. "ಇದು ಕಾದೇ ಇಲ್ವಲ್ಲೋ" ಎಂದರು ಅತ್ತೆ. ಬೆಂಕಿ ಇಲ್ಲದ ಒಲೆಯ ಮೇಲಿನ ಕಾವಲಿ. ಇದನ್ನು ತಡಮಾಡದೆ ಮಾಡಬೇಕು. ಹೊತ್ತಾದರೆ ಅಕ್ಕಪಕ್ಕದ ಬಿಸಿ ಹರಿದು ಸತ್ತದ್ದೂ ಬಿಸಿಯಾಗಿ ಕಾಣುತ್ತದೆ.

ಗ್ಯಾರೇಜಿನಲ್ಲಿ ಇದಕ್ಕೆ ಇನ್ನೊಂದು ದಾರಿಯಿದೆ. ಒಂದೊಂದೇ ಪ್ಲಗ್ ವೈರನ್ನು ಕಳಚಿ ಎಂಜಿನ್ ಓಡಿಸಿ ನೋಡುವುದು. ಚೆನ್ನಾಗಿರುವ ಸಿಲಿಂಡರಿನ ವೈರು ಕಳಚಿದರೆ ಎಂಜಿನ್ ಮತ್ತಷ್ಟು ಕುಂಟುತ್ತದೆ. ಸತ್ತದ್ದರ ವೈರು ಕಳಚಿದರೆ ಏನೂ ಆಗುವುದಿಲ್ಲ. ಶಾಲೆಗೇ ಬರದ ಹುಡುಗನನ್ನು ಮನೆಗೆ ಕಳಿಸಿದರೆ ತರಗತಿಯಲ್ಲಿ ಏನು ಬದಲಾದೀತು? ಆದರೆ ಎಂಜಿನ್ ಓಡುತ್ತಿರುವಾಗ ವೈರಿಗೆ ಕೈ ಹಾಕಬೇಡಿ. ಪ್ರತಿ ಸಲವೂ ಎಂಜಿನ್ ಆರಿಸಿ, ವೈರು ಕಳಚಿ, ಅದರ ತುದಿಗೆ ಹಳೆಯ ಪ್ಲಗ್ಗೊಂದನ್ನು ಸಿಕ್ಕಿಸಿ ಎಂಜಿನ್ನಿನ ಲೋಹಕ್ಕೆ ಭದ್ರವಾಗಿ ತಾಗಿಸಿ, ಆಮೇಲೆ ಸ್ಟಾರ್ಟ್ ಮಾಡಬೇಕು. ಹತ್ತಿರದಲ್ಲಿ ಪೆಟ್ರೋಲ್ ಸೋರಿರಬಾರದು. ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಕಾರಾದರೆ ಈ ಪರೀಕ್ಷೆಯನ್ನು ಕೆಲವೇ ಸೆಕೆಂಡಿಗೆ ಮುಗಿಸಬೇಕು. ಉರಿಯದ ಪೆಟ್ರೋಲ್ ಅದರೊಳಗೆ ಹೋಗಿ ಉರಿಯುತ್ತದೆ.

ನಡುವಿನ ಪ್ಲಗ್ಗನ್ನು ಬಿಚ್ಚಿದೆ. ಚೆನ್ನಾಗಿ ಉರಿಯುವ ಸಿಲಿಂಡರಿನ ಪ್ಲಗ್ಗಿನ ಮೂತಿ ಬಿಸ್ಕತ್ತಿನ ಬಣ್ಣಕ್ಕಿರುತ್ತದೆ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು, ಸುಣ್ಣದಂತೆ ಬೆಳ್ಳಗಿದ್ದರೆ ಕಡಿಮೆ, ಎಣ್ಣೆ ಜಿಡ್ಡಾದರೆ ಪಿಸ್ಟನ್ ರಿಂಗೋ ವಾಲ್ವಿನ ಗೈಡೋ ಸವೆದಿದೆ. ಇದು ಒದ್ದೆಯಾಗಿತ್ತು, ಪೆಟ್ರೋಲ್ ವಾಸನೆ. ಅಡುಗೆ ಬಂದಿದೆ, ಉಂಡಿಲ್ಲ. ಮಿಶ್ರಣದ ಮೇಲಿನ ಸಂಶಯ ಅಲ್ಲಿಗೆ ಮುಗಿಯಿತು. ಉಳಿದದ್ದು ಕಿಡಿ, ಇಲ್ಲವೇ ಒತ್ತಡ.

ಕಣ್ಣಾರೆ ಕಂಡ ಸುಳ್ಳು

ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಬಿಚ್ಚಿದ ಪ್ಲಗ್ಗನ್ನು ಒರೆಸಿ, ವೈರಿಗೆ ಸಿಕ್ಕಿಸಿ, ಪ್ಲಗ್ಗಿನ ತೂತಿನಿಂದ ಆದಷ್ಟು ದೂರ ಲೋಹಕ್ಕೆ ತಾಗಿಸಿ ಸ್ವಲ್ಪ ಕ್ರ್ಯಾಂಕ್ ಮಾಡಿಸಿದೆ. ಟಿಕ್ ಟಿಕ್ ಎಂದು ನೀಲಿ ಕಿಡಿ. ಮಾವನ ಮುಖ ಬಾಡಿತು. "ಕರೆಂಟು ಬತ್ತಾ ಐತೆ. ಹಂಗಾರೆ ಹೆಡ್ಡೇ."

ನನಗೂ ಹಾಗೇ ಅನಿಸಿತು. ಪುಣ್ಯಕ್ಕೆ ಕಂಪ್ರೆಷನ್ ಗೇಜ್ ಎರವಲು ಸಿಕ್ಕಿತು. ಮೂರೂ ಸಿಲಿಂಡರಿನ ಮುಳ್ಳು ಹೆಚ್ಚುಕಡಿಮೆ ಒಂದೇ ಕಡೆ ನಿಂತಿತು, ಆದರೆ ಮೂರೂ ಕೈಪಿಡಿಯ ಅಂಕಿಗಿಂತ ಕೆಳಗೆ. ಇಲ್ಲಿ ಭೂಗೋಳ ತಿಳಿಯದಿದ್ದರೆ ಎಡವುತ್ತೇವೆ. ಹಾಸನ ಇರುವುದು ಸಮುದ್ರಮಟ್ಟಕ್ಕಿಂತ ಸುಮಾರು 950 ಮೀಟರ್ ಎತ್ತರದಲ್ಲಿ. ಹೊಳೆನರಸೀಪುರ ಅದಕ್ಕಿಂತ ತುಸು ತಗ್ಗು. ಈ ಎತ್ತರದಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತನೇ ಒಂದು ಪಾಲು ಕಡಿಮೆ. ಒಳಗೆ ಬರುವ ಗಾಳಿಯೇ ತೆಳು, ಒತ್ತಿದಾಗ ಬರುವ ಒತ್ತಡವೂ ಅಷ್ಟು ಕಡಿಮೆ. ಕಡಲತಡಿಯಲ್ಲಿ 12 ಬಾರ್ ತೋರುವ ಎಂಜಿನ್ ಇಲ್ಲಿ 11ರ ಹತ್ತಿರ ತೋರಿದರೆ ಅದು ರೋಗವಲ್ಲ, ಹಾಸನ. ಆದ್ದರಿಂದ ಪುಸ್ತಕದ ಜೊತೆ ಹೋಲಿಸುವುದಕ್ಕಿಂತ ಸಿಲಿಂಡರುಗಳನ್ನು ಒಂದಕ್ಕೊಂದು ಹೋಲಿಸುವುದು ಮೇಲು. ಮೂರೂ ಸಮ. ಒಂದರಲ್ಲೇ ಒತ್ತಡ ಸೋರುತ್ತಿಲ್ಲ, ಹೆಡ್ ನಿರಪರಾಧಿ.

ಹಾಗಾದರೆ ಕಿಡಿಯೂ ಇದೆ, ಒತ್ತಡವೂ ಇದೆ, ಪೆಟ್ರೋಲೂ ಇದೆ. ಬೆಂಕಿ ಮಾತ್ರ ಇಲ್ಲ. ಲೆಕ್ಕ ಕೂಡದಿದ್ದರೆ ಕೂಡಿಸಿದ ಅಂಕಿಗಳಲ್ಲೊಂದು ಸುಳ್ಳಾಗಿರಬೇಕು. ಸುಳ್ಳಾಗಿದ್ದುದು ನಾನು ಕಣ್ಣಾರೆ ಕಂಡ ಕಿಡಿ.

1889ರಲ್ಲಿ ಜರ್ಮನ್ ಭೌತವಿಜ್ಞಾನಿ ಫ್ರೆಡ್ರಿಕ್ ಪಾಶೆನ್ ಒಂದು ನಿಯಮ ಕಂಡುಕೊಂಡ. ಎರಡು ಲೋಹದ ತುದಿಗಳ ನಡುವೆ ಕಿಡಿ ಹಾರಿಸಲು ಬೇಕಾದ ವೋಲ್ಟೇಜು ಆ ಸಂದು ಎಷ್ಟು ಅಗಲ ಎಂಬುದರ ಮೇಲಷ್ಟೇ ನಿಂತಿಲ್ಲ, ನಡುವಿನ ಅನಿಲದ ಒತ್ತಡದ ಮೇಲೂ ನಿಂತಿದೆ. ಪ್ಲಗ್ಗಿನ ಸಂದು ಒಂದು ಮಿಲಿಮೀಟರಿಗಿಂತ ಕಡಿಮೆ. ಹೊರಗಿನ ಗಾಳಿಯಲ್ಲಿ ಅದನ್ನು ದಾಟಲು ಮೂರು-ನಾಲ್ಕು ಸಾವಿರ ವೋಲ್ಟ್ ಸಾಕು. ಸಿಲಿಂಡರಿನೊಳಗೆ ಮಿಶ್ರಣ ಹಲವು ಪಟ್ಟು ಒತ್ತಿಕೊಂಡಿರುತ್ತದೆ. ಏರು ಹತ್ತುವಾಗ ಆಕ್ಸಿಲರೇಟರ್ ಒತ್ತಿದರೆ ಮಿಶ್ರಣ ಇನ್ನೂ ಹೆಚ್ಚು ತುಂಬಿ ಒತ್ತಡ ಮತ್ತೂ ಏರುತ್ತದೆ. ಆಗ ಹತ್ತು ಸಾವಿರ ವೋಲ್ಟನ್ನು ಮೀರಿಯೂ ಬೇಕಾಗಬಹುದು. ಹೊರಗೆ ಹಾರಿದ ಕಿಡಿ ಒಳಗೂ ಹಾರುತ್ತದೆ ಎನ್ನುವುದು ಖಾಲಿ ಗಾಡಿ ಎಳೆದ ಎತ್ತು ಕಬ್ಬಿನ ಹೇರನ್ನೂ ಎಳೆದೀತು ಎಂದಂತೆ.

ಇಷ್ಟು ವೋಲ್ಟೇಜು 12 ವೋಲ್ಟಿನ ಬ್ಯಾಟರಿಯಿಂದ ಬರುವ ಬಗೆ ಸೊಗಸಾದದ್ದು. 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿದಂತೆ, ಸುರುಳಿಯ ಸುತ್ತಲಿನ ಕಾಂತಕ್ಷೇತ್ರ ಬದಲಾದರೆ ತಂತಿಯಲ್ಲಿ ವಿದ್ಯುತ್ ಹುಟ್ಟುತ್ತದೆ; ಬದಲಾವಣೆ ಎಷ್ಟು ಬಿರುಸೋ ವೋಲ್ಟೇಜು ಅಷ್ಟು ಹೆಚ್ಚು. ಕಾರಿನ ಕಾಯಿಲ್‌ನಲ್ಲಿ ಎರಡು ಸುರುಳಿಗಳಿವೆ, ಒಂದರಲ್ಲಿ ಕೆಲವು ನೂರು ಸುತ್ತು, ಇನ್ನೊಂದರಲ್ಲಿ ಅದರ ನೂರರಷ್ಟು. ಮೊದಲನೆಯದಕ್ಕೆ ವಿದ್ಯುತ್ ಹರಿಸಿ ಥಟ್ಟನೆ ಕಡಿದರೆ ಎರಡನೆಯದರಲ್ಲಿ ಸಾವಿರಾರು ವೋಲ್ಟ್ ಚಿಮ್ಮುತ್ತದೆ. ಹಾಗೆ ಕಡಿಯುವ ಕೆಲಸ ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಪಾಯಿಂಟಿನದು, ಆಮೇಲೆ ಎಲೆಕ್ಟ್ರಾನಿಕ್ ಬಿಲ್ಲೆಯದು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1910ರ ಸುಮಾರಿಗೆ ಕಾರಿಗೆ ಒಗ್ಗಿಸಿದ ಏರ್ಪಾಡು ಇದು.

ಕಾಯಿಲ್ ಒಂದೇ ಏಟಿಗೆ ಪೂರ್ತಿ ವೋಲ್ಟೇಜು ಕೊಡುವುದಿಲ್ಲ. ಎಲ್ಲಾದರೊಂದು ಕಡೆ ಕಿಡಿ ಹಾರುವ ತನಕ ಅದು ಏರುತ್ತ ಹೋಗುತ್ತದೆ. ಪ್ಲಗ್ಗಿನ ಸಂದಿಗಿಂತ ಸುಲಭದ ಕಳ್ಳದಾರಿ ಇದ್ದರೆ ಅಲ್ಲಿಂದಲೇ ನುಗ್ಗುತ್ತದೆ. ಒದ್ದೆ ರಬ್ಬರು ಆ ದಾರಿಯನ್ನು ಇನ್ನಷ್ಟು ಸುಲಭ ಮಾಡಿಕೊಡುತ್ತದೆ. ಮಳೆಯ ಬೆಳಿಗ್ಗೆ, ಏರು ರಸ್ತೆ, ಎರಡು ಬಿಸಿಲ ದಿನದ ವಾಸಿ: ಮಾವ ಹೇಳಿದ್ದೆಲ್ಲ ಈಗ ಒಂದೇ ದಾರದಲ್ಲಿ ಪೋಣಿಸಿಕೊಂಡಿತು.

ಒಂದು ಸಲಕ್ಕೆ ಒಂದೇ

ಹಾಸನದಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. 1982ರಿಂದ ಅಲ್ಲಿಯ ಎಂಜಿನಿಯರುಗಳು ಸುಮಾರು 36,000 ಕಿಲೋಮೀಟರ್ ಎತ್ತರದ ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳ ನಾಡಿ ನೋಡುತ್ತ ಬಂದಿದ್ದಾರೆ. ಅಲ್ಲಿಗೆ ಪಾನಾ ಹಿಡಿದು ಹೋಗುವಂತಿಲ್ಲ. ಮೇಲಿಂದ ಬರುವ ಅಂಕಿಗಳನ್ನು ಓದಬೇಕು, ಒಂದು ಆಜ್ಞೆ ಕಳಿಸಬೇಕು, ಏನಾಯಿತೆಂದು ನೋಡಬೇಕು. ಕೈಗೆಟುಕದ ಯಂತ್ರಕ್ಕೆ ಈ ಶಿಸ್ತು ಅನಿವಾರ್ಯ. ಕೈಗೆಟುಕುವ ಯಂತ್ರದ ಮುಂದೆ ನಾವು ಅದನ್ನು ಮರೆಯುತ್ತೇವೆ: ಪ್ಲಗ್ಗು, ಕಾರ್ಬರೇಟರ್, ಫಿಲ್ಟರ್ ಮೂರನ್ನೂ ಒಂದೇ ದಿನ ಮುಟ್ಟುತ್ತೇವೆ. ಸರಿಹೋದರೆ ಯಾವುದರಿಂದ ಹೋಯಿತೋ ತಿಳಿಯದು, ಹೋಗದಿದ್ದರೆ ಯಾವುದು ಹೊಸದಾಗಿ ಕೆಟ್ಟಿತೋ ತಿಳಿಯದು.

ಮರುದಿನ ತೇವದ ಬೆಳಿಗ್ಗೆ ಮತ್ತೆ ಶುರು. ಮೊದಲು ಒಂದು ಮತ್ತು ಎರಡನೇ ಸಿಲಿಂಡರಿನ ಪ್ಲಗ್ಗುಗಳನ್ನು ಅದಲುಬದಲು ಮಾಡಿದೆ, ಬೇರೇನನ್ನೂ ಮುಟ್ಟಲಿಲ್ಲ. ರೋಗ ನಡುವಿನದರಲ್ಲೇ ಉಳಿಯಿತು. ಪ್ಲಗ್ಗು ನಿರಪರಾಧಿ, ಮಾವ ಬಿಸಾಡಿದ್ದ ಹಳೆಯವೂ ನಿರಪರಾಧಿಗಳೇ ಇದ್ದಿರಬೇಕು. ಆಮೇಲೆ ಎರಡು ಮತ್ತು ಮೂರನೆಯದರ ವೈರುಗಳು. ಇಲ್ಲಿ ಎಚ್ಚರ ಬೇಕು: ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳದ ತುದಿ, ಪ್ಲಗ್ಗಿನ ತುದಿ ಎರಡನ್ನೂ ಬದಲಿಸಬೇಕು. ಒಂದೇ ತುದಿ ಬದಲಿಸಿದರೆ ಒಬ್ಬನ ಸರದಿಯಲ್ಲಿ ಇನ್ನೊಬ್ಬನಿಗೆ ಕಿಡಿ ಹೋಗಿ ಎಂಜಿನ್ ಕೆಮ್ಮತೊಡಗುತ್ತದೆ.

ಸ್ಟಾರ್ಟ್ ಮಾಡಿದೆವು. ತಾಳ ತಪ್ಪಿಯೇ ಇತ್ತು. ಅತ್ತೆ ಹನಿ ಚಿಮುಕಿಸಿದರು. ನಡುವಿನ ಕೊಳವೆ 'ಚುಂಯ್' ಎಂದಿತು. ಮೂರನೆಯದರ ಮೇಲೆ ಹನಿ ಕುಳಿತಿತು. ರೋಗ ವೈರಿನ ಬೆನ್ನು ಹತ್ತಿ ಹೋಗಿತ್ತು.

ಆ ರಾತ್ರಿ ಅಂಗಳದ ದೀಪ ಆರಿಸಿ ಬಾನೆಟ್ ತೆರೆದೆವು. ಬಟ್ಟೆ ಇಸ್ತ್ರಿ ಮಾಡುವಾಗ ಬಳಸುವ ನೀರಿನ ಬಾಟಲಿಯಿಂದ ದೂರ ನಿಂತು ಒಂದು ಸಲ ತುಂತುರು ಹಾಯಿಸಿದೆ. ಮೂರನೇ ಪ್ಲಗ್ಗಿನ ರಬ್ಬರ್ ಟೋಪಿಯ ಅಂಚಿನಿಂದ ಹೆಡ್ಡಿನ ಲೋಹಕ್ಕೆ ದಾರದಂಥ ನೀಲಿ ಗೆರೆಯೊಂದು ಪಟಪಟನೆ ಕುಣಿಯಿತು. "ಅಲ್ನೋಡು!" ಎಂದರು ಮಾವ, ಮಗುವಿನಂತೆ. ಹಗಲಲ್ಲಿ ಟೋಪಿಯನ್ನು ಮಡಚಿ ನೋಡಿದಾಗ ಒಳಮೈಯಲ್ಲಿ ಕೂದಲೆಳೆಯ ಬಿರುಕು, ಅದರ ಉದ್ದಕ್ಕೂ ಸುಟ್ಟ ಮಸಿ. ವರ್ಷಗಳ ಶಾಖಕ್ಕೆ ರಬ್ಬರು ಗಟ್ಟಿಯಾಗಿ ಸೀಳಿತ್ತು. ಒಮ್ಮೆ ಮಸಿ ಬಿದ್ದ ದಾರಿ ವಿದ್ಯುತ್ತಿಗೆ ಕಾಲುದಾರಿಯಾಗುತ್ತದೆ. ಒರೆಸಿದರೂ ಪೂರ್ತಿ ಹೋಗದು.

ಇಂದಿನ ಕಾರುಗಳಲ್ಲಿ ಈ ಹುಡುಕಾಟದ ಅರ್ಧವನ್ನು ಕಂಪ್ಯೂಟರ್ ಮಾಡುತ್ತದೆ, ಅದೂ ತಾಳ ಹಾಕಿಯೇ. ಪ್ರತಿ ಪೆಟ್ಟಿಗೆ ಎಂಜಿನ್ನಿನ ದಂಡ ಚೂರು ಜಿಗಿಯಬೇಕು. ಯಾವ ಸರದಿಯಲ್ಲಿ ಜಿಗಿತ ಕಾಣಲಿಲ್ಲವೋ ಅದನ್ನು ಗುರುತಿಟ್ಟುಕೊಂಡು ಪಿ0302 ಎಂಬಂಥ ಸಂಕೇತ ಕೊಡುತ್ತದೆ. ಎಂದರೆ ಎರಡನೇ ಸಿಲಿಂಡರ್ ತಪ್ಪುತ್ತಿದೆ. ಯಾರು ಎಂದು ಹೇಳಿತು, ಯಾಕೆ ಎಂದು ಹೇಳಲಿಲ್ಲ. ಆ 'ಯಾಕೆ'ಗೆ ಇವತ್ತೂ ಅದಲುಬದಲೇ ದಾರಿ.

ಪೆಟ್ರೋಲಿನ ಬಗ್ಗೆಯೂ ಒಂದು ಮಾತು. ಶೇ 20 ಎಥನಾಲ್ ಬೆರೆತ ಈಗಿನ ಪೆಟ್ರೋಲಿಗೆ ಅದೇ ತೂಕಕ್ಕೆ ಕಡಿಮೆ ಗಾಳಿ ಸಾಕು. ಬರೀ ಪೆಟ್ರೋಲಿಗೆಂದು ಕೊರೆದ ಹಳೆಯ ಕಾರ್ಬರೇಟರ್ ಜೆಟ್ಟಿನಲ್ಲಿ ಹಾಗಾಗಿ ಮಿಶ್ರಣ ತುಸು ತೆಳುವಾಗುತ್ತದೆ. ನಮ್ಮ ಎತ್ತರದ ತೆಳುಗಾಳಿ ಅದನ್ನು ಉಲ್ಟಾ ಕಡೆಗೆ, ದಪ್ಪಕ್ಕೆ, ಎಳೆಯುತ್ತದೆ. ಹೀಗೆ ಹಾಸನದ ಹಳೆಯ ಕಾರಿಗೆ ಊರೇ ಸ್ವಲ್ಪ ಮಟ್ಟಿಗೆ ಔಷಧ. ತಿಂಗಳುಗಟ್ಟಲೆ ನಿಂತ ಗಾಡಿಗೆ ಮಾತ್ರ ಆ ರಿಯಾಯಿತಿ ಇಲ್ಲ: ಎಥನಾಲ್ ತೇವ ಹೀರಿ, ಹೆಚ್ಚಾದಾಗ ನೀರಿನೊಂದಿಗೆ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತದೆ. ಪಂಪು ಎಳೆಯುವುದು ತಳದಿಂದಲೇ. ಆಗ ತಪ್ಪುವುದು ಒಬ್ಬನಲ್ಲ, ಮೂವರೂ.

ಹಾಸನದಿಂದ ಹೊಸ ವೈರು ತಂದು ಹಾಕಿದೆವು. ಮಳೆ ಸುರಿಯುತ್ತಿದ್ದ ಬೆಳಿಗ್ಗೆಯೂ ಎಂಜಿನ್ ತಕಿಟ ತಕಿಟ ಎಂದಿತು. ಮಾವ ಬಾನೆಟ್ ಮುಚ್ಚಲು ಹೋದರು. ನಾನು ತಡೆದು, ಹೊಸ ವೈರು ಕಳಚಿ ಹಳೆಯದನ್ನೇ ಮತ್ತೆ ಹಾಕತೊಡಗಿದೆ.

"ಸರಿಹೋಗಿದ್ದನ್ನ ಮತ್ತೆ ಕೆಡಿಸ್ತೀಯೇನೋ?"

"ಹೋದ ಸಲವೂ ಸರಿಹೋಗಿತ್ತಲ್ಲ ಮಾವ, ಎರಡು ದಿನ."

ಹಳೆಯ ವೈರು ಹಾಕಿದ ಕೂಡಲೇ ಅಕ್ಷರ ಬಿತ್ತು. ಹೊಸದು ಹಾಕಿದ ಕೂಡಲೇ ಮರಳಿತು. ಮಾವ ಮಾತಾಡಲಿಲ್ಲ. ಆ ಹಳೆಯ ವೈರನ್ನು ನನ್ನ ಕೈಯಿಂದ ತೆಗೆದುಕೊಂಡು, ಟೋಪಿಯನ್ನು ಮಡಚಿ ಆ ಬಿರುಕನ್ನು ಮತ್ತೊಮ್ಮೆ ನೋಡಿ, ತಾವೇ ಅದನ್ನು ಎಂಜಿನ್ನಿಗೆ ಸಿಕ್ಕಿಸಿದರು. "ಇನ್ನೊಂದ್ಸಲ ನೋಡೋಣ ತಡಿ."